ಹಾಲಿನ ಪುಡಿ ಡಬ್ಬಿ ಮತ್ತು ಒಂದು ಪತ್ರಿಕೆ

ಎಲ್ಲರಿಗೂ ನಮಸ್ಕಾರ.

ಬರುವ ದಾರಿಯಲ್ಲಿ ಮೆಡಿಕಲ್ ಶಾಪಿನಿಂದ ಒಂದು ಡಬ್ಬಿ ತಂದಿದ್ದೇನೆ. ಎಳೆಮಕ್ಕಳಿಗೆ ಕುಡಿಸುವ ಹಾಲಿನ ಪುಡಿ. ಮುಂದಿನ ಸಾಲಿನವರು ನೋಡಿ ಹಿಂದಕ್ಕೆ ಕೊಡಿ. ಇದರ ಮೇಲೆ ಮಗುವಿನ ಚಿತ್ರ ಇಲ್ಲ, ತಾಯಿಯ ಚಿತ್ರವೂ ಇಲ್ಲ. ತಾಯಿಯ ಹಾಲೇ ನಿಮ್ಮ ಮಗುವಿಗೆ ಅತ್ಯುತ್ತಮ ಅಂತ ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಬರೆದಿದೆ. ತಾನು ಮಾರುವ ಸರಕಿಗಿಂತ ಒಳ್ಳೆಯದು ಮನೆಯಲ್ಲೇ ಇದೆ ಅಂತ ಯಾವ ಕಂಪನಿಯೂ ಸುಮ್ನೆ ಬರೆಯುವುದಿಲ್ಲ, ಅಲ್ವಾ? 1992ರಲ್ಲಿ ನಮ್ಮ ಸಂಸತ್ತು ಮಾಡಿದ ಕಾನೂನು ಹಾಗೆ ಬರೆಸಿದೆ. ಆ ಕಾನೂನಿನ ಬೇರು ಹುಡುಕುತ್ತಾ ಹೋದರೆ ಇಂಗ್ಲೆಂಡಿನ ಆಕ್ಸ್‌ಫರ್ಡ್ ಊರಿನ ಒಂದು ಪುಟ್ಟ ಪತ್ರಿಕೆ ಸಿಗುತ್ತದೆ. ಹೆಸರು ನ್ಯೂ ಇಂಟರ್‌ನ್ಯಾಷನಲಿಸ್ಟ್.

ಬಡದೇಶಗಳ ಪರವಾಗಿ ಓಡಾಡುತ್ತಿದ್ದ ವಿದ್ಯಾರ್ಥಿಗಳ ಒಂದು ಗುಂಪಿತ್ತು, ಥರ್ಡ್ ವರ್ಲ್ಡ್ ಫಸ್ಟ್ ಅಂತ. ಅವರು ನಡೆಸುತ್ತಿದ್ದ ಪತ್ರಿಕೆಯೇ 1973ರ ಮಾರ್ಚ್‌ನಲ್ಲಿ ಆಕ್ಸ್‌ಫ್ಯಾಮ್ ಮತ್ತು ಕ್ರಿಶ್ಚಿಯನ್ ಏಡ್ ಎಂಬ ನೆರವಿನ ಸಂಸ್ಥೆಗಳ ಬೆಂಬಲದಿಂದ ಈ ಹೊಸ ರೂಪ ಪಡೆಯಿತು. ಪೀಟರ್ ಆಡಮ್ಸನ್ ಸಂಪಾದಕರು. ಬಡದೇಶ ಅಂದರೆ ಆಗ ಅಲ್ಲಿನ ಓದುಗರಿಗೆ ಗೊತ್ತಿದ್ದದ್ದು ಬರ, ನೆರೆ, ದಂಗೆ. ಎಲುಬು ಕಾಣುವ ಒಂದು ಮಗುವಿನ ಫೋಟೋ, ಕೆಳಗೆ ದಾನ ಕೊಡಿ ಅನ್ನುವ ಮನವಿ. ಅಯ್ಯೋ ಪಾಪ ಅಂದು ಕಾಸು ಹಾಕಿದರೆ ಮುಗಿಯಿತು. ಆ ಮಗು ಯಾಕೆ ಹಾಗಾಯಿತು ಅಂತ ಈ ಪತ್ರಿಕೆ ಕೇಳಿತು. ನನಗೆ ಇದರ ಮೇಲೆ ಪ್ರೀತಿ ಹುಟ್ಟಿದ್ದೇ ಆ ಪ್ರಶ್ನೆಯಿಂದ.

ಶುರುವಾಗಿ ಇನ್ನೂ ಆರು ತಿಂಗಳೂ ಆಗಿರಲಿಲ್ಲ. 1973ರ ಆಗಸ್ಟ್ ಸಂಚಿಕೆ ಬಂತು. ಮುಖಪುಟದಲ್ಲಿ ಆಫ್ರಿಕಾದ ಒಂದು ಮಗುವಿನ ಗೋರಿ. ಮಣ್ಣಿನ ಗುಡ್ಡೆಯ ಮೇಲೆ ಒಂದು ಹಾಲಿನ ಬಾಟಲಿ, ಪಕ್ಕದಲ್ಲಿ ಖಾಲಿಯಾದ ಹಾಲಿನ ಪುಡಿ ಡಬ್ಬಿ. ಒಳಗೆ ರಾಲ್ಫ್ ಹೆಂಡ್ರಿಕ್ಸೆ ಮತ್ತು ಡೇವಿಡ್ ಮಾರ್ಲಿ ಎಂಬ ಇಬ್ಬರು ಮಕ್ಕಳ ವೈದ್ಯರ ಸಂದರ್ಶನ.

ಅವರು ಎತ್ತಿದ ವಿಷಯ ಸರಳ. ನಿಮ್ಮ ಕೈಯಲ್ಲಿರುವ ಡಬ್ಬಿಯೊಳಗೆ ಅಳತೆಯ ಚಮಚ ಇರುತ್ತದೆ. ಇಷ್ಟು ನೀರಿಗೆ ಇಷ್ಟು ಚಮಚ ಅಂತ ಲೆಕ್ಕ. ಕೂಲಿ ಮಾಡುವ ಮನೆಗೆ ಆ ಡಬ್ಬಿ ತುಂಬಾ ದುಬಾರಿ. ಇನ್ನೆರಡು ದಿನ ಬರಲಿ ಅಂತ ತಾಯಿ ಒಂದು ಚಮಚ ಕಡಿಮೆ ಹಾಕುತ್ತಾಳೆ, ನೀರು ಜಾಸ್ತಿ ಮಾಡುತ್ತಾಳೆ. ನೀರೂ ಶುದ್ಧವಲ್ಲ. ಪ್ರತಿಸಲ ಬಾಟಲಿ ಕುದಿಸುವಷ್ಟು ಸೌದೆ ಇಲ್ಲ. ಮಗುವಿಗೆ ಭೇದಿ ಶುರುವಾಗುತ್ತದೆ. ಅಷ್ಟರಲ್ಲಿ ಎದೆಹಾಲು ಬತ್ತಿರುತ್ತದೆ, ಹಿಂದಕ್ಕೆ ಹೋಗುವ ದಾರಿಯೂ ಇಲ್ಲ. ಹೀಗಿರುವಾಗ ಕಂಪನಿಗಳ ಮಾರಾಟದ ಹೆಂಗಸರು ನರ್ಸ್ ಉಡುಪಿನಲ್ಲಿ ಬಾಣಂತಿಯರ ಹತ್ತಿರ ಬಂದು ಪುಡಿಯ ಗುಣಗಾನ ಮಾಡುತ್ತಿದ್ದರು. ಬಿಳಿ ಬಟ್ಟೆ ನೋಡಿದ ತಾಯಿ ನಂಬದೆ ಏನು ಮಾಡಿಯಾಳು?

ವೈದ್ಯರಿಗೆ ಇದು ಹೊಸ ಸುದ್ದಿ ಆಗಿರಲಿಲ್ಲ. ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ 1939ರಲ್ಲೇ ಸಿಂಗಾಪುರದ ಒಂದು ಭಾಷಣದಲ್ಲಿ ಇದನ್ನು ಕೊಲೆ ಅಂತಲೇ ಕರೆದಿದ್ದರು. ಆದರೆ ಮಾತು ವೈದ್ಯರ ವಲಯದಲ್ಲೇ ಸುತ್ತುತ್ತಿತ್ತು. ಅದನ್ನು ಅಂಗಡಿಗೆ ಹೋಗಿ ಸಾಮಾನು ತರುವ ಜನರ ಮುಂದೆ ಇಟ್ಟದ್ದು ಈ ಪತ್ರಿಕೆ.

ಆಮೇಲೆ ಕಿಡಿ ಹತ್ತಿಕೊಂಡಿತು. 1974ರಲ್ಲಿ ಬಡತನದ ವಿರುದ್ಧ ಹೋರಾಡುವ ವಾರ್ ಆನ್ ವಾಂಟ್ ಸಂಸ್ಥೆ ಇದೇ ವಿಷಯದ ಮೇಲೆ ವರದಿ ತಂದಿತು. ಸ್ವಿಟ್ಜರ್ಲೆಂಡಿನ ಒಂದು ಗುಂಪು ಅದನ್ನು ಜರ್ಮನ್ ಭಾಷೆಗೆ ತಂದು, ತಲೆಬರಹದಲ್ಲೇ ಹಾಲಿನ ಪುಡಿ ಮಾರುವ ನೆಸ್ಲೆ ಕಂಪನಿಯ ಮೇಲೆ ಕೊಲೆಯ ಆರೋಪ ಹೊರಿಸಿತು. ಕಂಪನಿ ಮಾನನಷ್ಟದ ಕೇಸು ಹಾಕಿತು. 1976ರಲ್ಲಿ ತೀರ್ಪು ಬಂತು. ಆ ಗುಂಪಿನ 13 ಜನರಿಗೆ ತಲಾ 300 ಫ್ರಾಂಕ್ ದಂಡ. ಆದರೆ ಕಂಪನಿ ತನ್ನ ಪ್ರಚಾರದ ರೀತಿಯನ್ನು ಬುಡದಿಂದ ಬದಲಿಸಿಕೊಳ್ಳಬೇಕು ಅಂತಲೂ ನ್ಯಾಯಾಧೀಶರು ಹೇಳಿದರು. ಗೆದ್ದವರಿಗೇ ಬುದ್ಧಿವಾದ! ಮರುವರ್ಷ ಅಮೆರಿಕದಲ್ಲಿ ನೆಸ್ಲೆ ಸರಕುಗಳ ಬಹಿಷ್ಕಾರ ಶುರುವಾಯಿತು. 1981ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ದೇಶಗಳು ಸೇರುವ ವಿಶ್ವ ಆರೋಗ್ಯ ಸಭೆ ಹಾಲಿನ ಪುಡಿಯ ಮಾರಾಟಕ್ಕೆ ನಿಯಮಾವಳಿ ತಂದಿತು. ಪರವಾಗಿ 118 ಮತ, ವಿರೋಧವಾಗಿ ಅಮೆರಿಕದ್ದೊಂದೇ ಮತ. ಭಾರತದ 1992ರ ಕಾನೂನು ಆ ನಿಯಮಾವಳಿಯ ಕೂಸು. 2003ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿ, ಎರಡು ವರ್ಷದವರೆಗಿನ ಮಕ್ಕಳ ಆಹಾರದ ಜಾಹೀರಾತನ್ನೂ ನಿಷೇಧಿಸಿದರು.

ಪತ್ರಿಕೆ ಒಂದೇ ಇಷ್ಟೆಲ್ಲ ಮಾಡಿತು ಅಂತ ನಾನು ಹೇಳುತ್ತಿಲ್ಲ. ವೈದ್ಯರು, ತಾಯಂದಿರು, ಎಷ್ಟೋ ಸಂಘಟನೆಗಳು ದುಡಿದಿವೆ. ಆದರೂ ಆ ಗೋರಿಯ ಫೋಟೋವನ್ನು ಮುಖಪುಟಕ್ಕೆ ಹಾಕಲು ಎದೆಗಾರಿಕೆ ಬೇಕಿತ್ತು.

ಸಂಚಿಕೆಯ ಬಹುಪಾಲು ಪುಟಗಳನ್ನು ಒಂದೇ ವಿಷಯಕ್ಕೆ ಕೊಡುವುದು ಇವರ ಪದ್ಧತಿ. ಚಹಾ ಅಂದರೆ ಚಹಾ, ಸಾಲ ಅಂದರೆ ಸಾಲ. ಆಡಮ್ಸನ್ ಮುಂದೆ ವಿಶ್ವಸಂಸ್ಥೆಯ ಮಕ್ಕಳ ನಿಧಿ ಯುನಿಸೆಫ್‌ನ ವಾರ್ಷಿಕ ವರದಿ ಬರೆಯಲು ಹೋದರು. ಉಳಿದವರು ಸಹಕಾರಿ ಪದ್ಧತಿಯಲ್ಲಿ ಪತ್ರಿಕೆ ನಡೆಸಿದರು. ಎಲ್ಲರಿಗೂ ಒಂದೇ ಸಂಬಳ. ನಮ್ಮಂಥ ದೇಶಗಳನ್ನು ಮೂರನೇ ಜಗತ್ತು ಅನ್ನುವುದನ್ನೂ ಬಿಟ್ಟು, ಬಹುಜನರ ಜಗತ್ತು ಅಂತ ಕರೆಯತೊಡಗಿದರು. ಲೆಕ್ಕ ಹಾಕಿದರೆ ಅದೇ ಸರಿ, ಜಾಸ್ತಿ ಜನ ಇರುವುದು ಇಲ್ಲೇ ತಾನೇ?

ಇಂಟರ್ನೆಟ್ ಬಂದ ಮೇಲೆ ಅಚ್ಚಿನ ಪತ್ರಿಕೆಗಳಿಗೆ ಬಂದ ಕಷ್ಟ ಇವರಿಗೂ ಬಂತು. 2017ರಲ್ಲಿ ಪತ್ರಿಕೆಯ ಷೇರುಗಳನ್ನು ಓದುಗರ ಮುಂದೆಯೇ ಇಟ್ಟರು. 3,400ಕ್ಕೂ ಹೆಚ್ಚು ಜನ ಸೇರಿ 7 ಲಕ್ಷ ಪೌಂಡ್‌ಗಿಂತ ಜಾಸ್ತಿ ಹಣ ಹಾಕಿದರು. ಯಾರು ಎಷ್ಟೇ ಹಾಕಿದ್ದರೂ ಒಬ್ಬರಿಗೆ ಒಂದೇ ಮತ. ಮರುವರ್ಷದಿಂದ ಪತ್ರಿಕೆಯನ್ನು ಎರಡು ತಿಂಗಳಿಗೊಮ್ಮೆ ಹೊರತರತೊಡಗಿದರು.

ಪ್ರಶ್ನೆಗಳಿದ್ದರೆ ಈಗ ಕೇಳಬಹುದು.