ಯುದ್ಧ ಮುಗಿದ ವರ್ಷದ ಹನ್ನೆರಡನೆಯ ತರಗತಿ

ಕೇಳುಗರಿಗೆ ನಮಸ್ಕಾರ.

1945ರ ಸೆಪ್ಟೆಂಬರ್ 2ರ ಭಾನುವಾರ, ಟೋಕಿಯೊ ಕೊಲ್ಲಿಯಲ್ಲಿ ಲಂಗರು ಹಾಕಿದ್ದ ‘ಮಿಸೌರಿ’ ಎಂಬ ಯುದ್ಧನೌಕೆಯ ಮೇಲೆ ಜಪಾನಿನ ಪ್ರತಿನಿಧಿಗಳು ಶರಣಾಗತಿಯ ಪತ್ರಕ್ಕೆ ಸಹಿ ಹಾಕಿದರು. ಅದೇ ಹೊತ್ತಿಗೆ ಅಮೆರಿಕದ ನಡುಭಾಗದಲ್ಲಿರುವ ನೆಬ್ರಾಸ್ಕಾ ರಾಜ್ಯದಲ್ಲಿ ಬೇಸಿಗೆಯ ರಜೆ ಮುಗಿದು ಶಾಲೆಗಳು ಬಾಗಿಲು ತೆರೆಯುತ್ತಿದ್ದವು. ಆ ವರ್ಷ ಹನ್ನೆರಡನೆಯ ತರಗತಿಗೆ, ಅಂದರೆ ಹೈಸ್ಕೂಲಿನ ಕೊನೆಯ ವರ್ಷಕ್ಕೆ ಕಾಲಿಟ್ಟ ಹಳ್ಳಿಯ ಹುಡುಗ ಹುಡುಗಿಯರು, 1941ರ ಡಿಸೆಂಬರಿನಲ್ಲಿ ಜಪಾನ್ ಪರ್ಲ್ ಹಾರ್ಬರ್ ಎಂಬ ಅಮೆರಿಕದ ನೌಕಾನೆಲೆಯ ಮೇಲೆ ದಾಳಿ ಮಾಡಿ ಅಮೆರಿಕವನ್ನು ಯುದ್ಧಕ್ಕೆ ಎಳೆದಾಗ ಇನ್ನೂ ಎಂಟನೆಯ ತರಗತಿಯಲ್ಲಿದ್ದರು. ಅವರ ಹೈಸ್ಕೂಲಿನ ನಾಲ್ಕು ವರ್ಷಗಳಲ್ಲಿ ಮೂರು ಯುದ್ಧದಲ್ಲೇ ಕಳೆದುಹೋಗಿದ್ದವು. ಉಳಿದ ಒಂದು ವರ್ಷ ಮಾತ್ರ ಶಾಂತಿಕಾಲದ್ದು. ಇಂದಿನ ಮಾತು ಆ ಒಂದು ವರ್ಷವನ್ನು ಕುರಿತದ್ದು. ಯುದ್ಧ ಈ ಪುಟ್ಟ ಶಾಲೆಗಳಿಂದ ಬಹಳಷ್ಟನ್ನು ಕಿತ್ತುಕೊಂಡಿತು ನಿಜ. ಆದರೆ ಕೊನೆಗೆ ಅವುಗಳ ಬಾಗಿಲು ಮುಚ್ಚಿಸಿದ್ದು ಅದರ ಬೆನ್ನಿಗೇ ಬಂದ ಶಾಂತಿ ಮತ್ತು ಸಮೃದ್ಧಿ ಎಂಬುದು ನನ್ನ ಅನಿಸಿಕೆ.

ನೆಬ್ರಾಸ್ಕಾ ಬಯಲುಸೀಮೆ. ಮುಸುಕಿನ ಜೋಳ, ಗೋಧಿ, ಜಾನುವಾರು, ಪಶ್ಚಿಮದ ಕಡೆಗೆ ಸಕ್ಕರೆ ಬೀಟ್, ಇವೇ ಅಲ್ಲಿನ ಬದುಕು. ರೈತರ ಮನೆಗಳು ಒತ್ತೊತ್ತಾಗಿರದೆ ತಮ್ಮ ತಮ್ಮ ಹೊಲಗಳ ನಡುವೆ ದೂರ ದೂರದಲ್ಲಿರುತ್ತಿದ್ದವು. ಮಕ್ಕಳು ಎಂಟನೆಯ ತರಗತಿಯವರೆಗೆ ಒಂದೇ ಕೋಣೆಯ, ಒಬ್ಬರೇ ಉಪಾಧ್ಯಾಯರ ಶಾಲೆಯಲ್ಲಿ ಓದಿ, ಆಮೇಲೆ ರೈಲು ನಿಲ್ದಾಣ, ಎತ್ತರದ ಧಾನ್ಯದ ಉಗ್ರಾಣ ಮತ್ತು ಒಂದೆರಡು ಚರ್ಚುಗಳಿರುವ ಹತ್ತಿರದ ಚಿಕ್ಕ ಊರಿನ ಹೈಸ್ಕೂಲಿಗೆ ಸೇರುತ್ತಿದ್ದರು. ಇಂಥ ಹೈಸ್ಕೂಲಿನ ಕೊನೆಯ ತರಗತಿಯಲ್ಲಿ ಹತ್ತು ಹನ್ನೆರಡು ಮಂದಿ ಇದ್ದರೆ ಅದೇ ಹೆಚ್ಚು. ಹಾಗಾಗಿ ಪ್ರತಿಯೊಬ್ಬರೂ ಎಲ್ಲದಕ್ಕೂ ಬೇಕಾಗುತ್ತಿದ್ದರು. ಮಧ್ಯಾಹ್ನ ಬ್ಯಾಂಡಿನಲ್ಲಿ ತುತ್ತೂರಿ ಊದಿದ ಹುಡುಗನೇ ಸಂಜೆ ಆಟದ ಮೈದಾನಕ್ಕಿಳಿಯಬೇಕು, ರಾತ್ರಿ ನಾಟಕದ ತಾಲೀಮಿಗೂ ಬರಬೇಕು. ನಮ್ಮ ಎಸ್ಸೆಸ್ಸೆಲ್ಸಿಯಂಥ ಸಾರ್ವಜನಿಕ ಪರೀಕ್ಷೆಯ ಭೂತ ಅಲ್ಲಿರಲಿಲ್ಲ. ಪಾಠ ಹೇಳಿದ ಉಪಾಧ್ಯಾಯರೇ ಅಂಕವನ್ನೂ ಕೊಡುತ್ತಿದ್ದರು. ಆದ್ದರಿಂದ ಕೊನೆಯ ವರ್ಷ ಎಂದರೆ ಪರೀಕ್ಷೆಯ ವರ್ಷಕ್ಕಿಂತ ಹೆಚ್ಚಾಗಿ ವಿಧಿವಿಧಾನಗಳ ವರ್ಷ. ತರಗತಿಯ ಉಂಗುರ, ತರಗತಿಯ ಬಣ್ಣ, ತರಗತಿಯ ಹೂವು, ಧ್ಯೇಯವಾಕ್ಯ, ನಾಟಕ, ಹನ್ನೊಂದನೆಯವರು ಹನ್ನೆರಡನೆಯವರಿಗೆ ಕೊಡುವ ಔತಣ, ಹೈಸ್ಕೂಲು ಮುಗಿಸಿದವರಿಗೆ ಪತ್ರ ಕೊಡುವ ಪದವಿ ಪ್ರದಾನಕ್ಕೆ ಮುಂಚಿನ ಭಾನುವಾರದ ಧರ್ಮೋಪದೇಶ, ಹೀಗೆ ಒಂದರ ಹಿಂದೆ ಒಂದು ನಡೆಯುತ್ತಲೇ ಇರುತ್ತಿದ್ದವು.

ಯುದ್ಧ ಈ ವಿಧಿಗಳನ್ನೆಲ್ಲ ಸವೆಸಿಬಿಟ್ಟಿತ್ತು. ಶಾಲೆಯ ವಾರ್ಷಿಕ ಸಂಚಿಕೆಗೆ ಕಾಗದ ಸಾಲದು, ಛಾಯಾಚಿತ್ರ ತೆಗೆಯಲು ಫಿಲಂ ಸಿಗದು. ಔತಣಕ್ಕೆ ಸಕ್ಕರೆಯಿಲ್ಲ. ತರಗತಿಯವರೆಲ್ಲ ಸೇರಿ ಪ್ರವಾಸ ಹೋಗೋಣವೆಂದರೆ ಪೆಟ್ರೋಲಿಗೆ ಪಡಿತರ. ಜಪಾನ್ ಶರಣಾಗುವ ಸುದ್ದಿ ಬಂದ ಮರುದಿನವೇ, ಆಗಸ್ಟ್ 15ರಂದು ಪೆಟ್ರೋಲಿನ ಪಡಿತರ ರದ್ದಾಯಿತು. ಆದರೆ ಟೈರಿನ ಪಡಿತರ ಆ ವರ್ಷದ ಡಿಸೆಂಬರ್ 31ರವರೆಗೂ ಉಳಿಯಿತು. ಟ್ಯಾಂಕು ತುಂಬ ಪೆಟ್ರೋಲಿದ್ದರೂ ಸವೆದ, ತೇಪೆ ಹಾಕಿದ ಟೈರನ್ನು ನಂಬಿ ಎಷ್ಟು ದೂರ ಹೋಗಲಾದೀತು? ಪಾದರಕ್ಷೆಗಳ ಪಡಿತರ ಅಕ್ಟೋಬರಿನಲ್ಲೂ ಮಾಂಸ ಮತ್ತು ಬೆಣ್ಣೆಯದು ನವೆಂಬರಿನಲ್ಲೂ ಮುಗಿದವು. ಸಕ್ಕರೆ ಮಾತ್ರ 1947ರ ಜೂನ್ ತನಕ ಚೀಟಿಯ ಮೇಲೆಯೇ ಸಿಗುತ್ತಿತ್ತು.

ಪೆಟ್ರೋಲು ಸಿಕ್ಕಿದ ಕೂಡಲೇ ಮೊದಲು ಚೇತರಿಸಿಕೊಂಡದ್ದು ಆಟ. ಇಲ್ಲೊಂದು ಸ್ವಾರಸ್ಯವಿದೆ. ಅಮೆರಿಕನ್ ಫುಟ್‌ಬಾಲಿಗೆ ಒಂದು ತಂಡದಲ್ಲಿ ಹನ್ನೊಂದು ಆಟಗಾರರು ಬೇಕು. ಇಡೀ ಹೈಸ್ಕೂಲಿನಲ್ಲೇ ಇಪ್ಪತ್ತು ಗಂಡು ಹುಡುಗರಿರುವಾಗ ಆ ಲೆಕ್ಕ ಹೊಂದುವುದಾದರೂ ಹೇಗೆ? ನೆಬ್ರಾಸ್ಕಾದ ಚೆಸ್ಟರ್ ಎಂಬ ಊರಿನ ಶಾಲೆಯಲ್ಲಿ ತರಬೇತುದಾರರಾಗಿದ್ದ ಸ್ಟೀಫನ್ ಎಪ್ಲರ್ ಅವರು 1934ರಲ್ಲಿ, ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ, ಆರೇ ಮಂದಿ ಆಡುವ ಫುಟ್‌ಬಾಲನ್ನು ರೂಪಿಸಿದರು. ಅದರ ಮೊದಲ ಪಂದ್ಯ ಆ ವರ್ಷದ ಸೆಪ್ಟೆಂಬರಿನಲ್ಲಿ ಪಕ್ಕದ ಹೆಬ್ರಾನಿನಲ್ಲಿ ನಡೆಯಿತು. ಎಂಬತ್ತು ಗಜ ಉದ್ದ, ನಲವತ್ತು ಗಜ ಅಗಲದ ಮೈದಾನ. ಆಟಗಾರರು ಕಡಿಮೆ, ಓಟ ಹೆಚ್ಚು. ಬಡತನ ಹುಟ್ಟಿಸಿದ ಈ ಆಟ ದೇಶದ ಸಾವಿರಾರು ಚಿಕ್ಕ ಶಾಲೆಗಳಿಗೆ ಹರಡಿತ್ತು. ಯುದ್ಧದ ವರ್ಷಗಳಲ್ಲಿ ಪ್ರಯಾಣದ ನಿರ್ಬಂಧದಿಂದ ಪಂದ್ಯಗಳು ಕುಂಟಿದ್ದವು. 1945ರ ಶರತ್ಕಾಲದಲ್ಲಿ ನೆರೆಯೂರಿನವರ ಮೇಲೆ ಆಡಲು ಹುಡುಗರು ಮತ್ತೆ ಹೊರಟರು.

ಆದರೆ ಸುಗ್ಗಿ ಬಂತೆಂದರೆ ಆಟವೂ ಇಲ್ಲ, ಪಾಠವೂ ಇಲ್ಲ. ಮುಸುಕಿನ ಜೋಳದ ಕೊಯ್ಲು ಅನೇಕ ಹೊಲಗಳಲ್ಲಿ ಇನ್ನೂ ಕೈಗೆಲಸವಾಗಿತ್ತು. ಅಂಗೈಗೆ ಚರ್ಮದ ಪಟ್ಟಿ ಕಟ್ಟಿ, ಅದರಲ್ಲಿನ ಕಬ್ಬಿಣದ ಕೊಕ್ಕೆಯಿಂದ ತೆನೆಯ ಸಿಪ್ಪೆ ಸೀಳಿ, ತೆನೆ ಮುರಿದು, ಕುದುರೆಗಾಡಿಗೆ ಎಸೆಯಬೇಕು. ಎಸೆದ ತೆನೆ ಆಚೆ ಬೀಳದಿರಲೆಂದು ಗಾಡಿಯ ಒಂದು ಪಕ್ಕಕ್ಕೆ ಎತ್ತರದ ಹಲಗೆ ನಿಲ್ಲಿಸಿರುತ್ತಿದ್ದರು. ಪಳಗಿದವನ ಕೈಯಿಂದ ಒಂದು ತೆನೆ ಹಲಗೆಗೆ ಬಡಿಯುವಷ್ಟರಲ್ಲಿ ಇನ್ನೊಂದು ಗಾಳಿಯಲ್ಲಿರುತ್ತಿತ್ತು. ಅಣ್ಣಂದಿರು ಸೇನೆಗೆ ಹೋಗಿದ್ದರಿಂದ ಈ ಕೆಲಸ ಹೈಸ್ಕೂಲಿನ ಹುಡುಗರ ಮೇಲೆ ಬಿದ್ದಿತ್ತು. ಅವರ ಜೊತೆಗೆ ಹೊಲದಲ್ಲಿ ಕೆಲಸ ಮಾಡುತ್ತಿದ್ದವರಲ್ಲಿ ಜರ್ಮನ್ ಯುದ್ಧಕೈದಿಗಳೂ ಇದ್ದರು. ಹೋಲ್ಡ್ರೆಜ್ ಬಳಿಯ ಅಟ್ಲಾಂಟಾ ಶಿಬಿರದಿಂದಲೂ ಅದರ ಶಾಖಾ ಶಿಬಿರಗಳಿಂದಲೂ ಅವರನ್ನು ರೈತರ ಹೊಲಗಳಿಗೆ ಕಳುಹಿಸುತ್ತಿದ್ದರು. ಜರ್ಮನಿ ಮೇ ತಿಂಗಳಲ್ಲೇ ಸೋತಿದ್ದರೂ ಕೈದಿಗಳು ಊರಿಗೆ ಮರಳಿರಲಿಲ್ಲ. ನೆಬ್ರಾಸ್ಕಾದ ಹಲವು ರೈತ ಮನೆತನಗಳು ಜರ್ಮನಿಯಿಂದ ವಲಸೆ ಬಂದವು. ಕೆಲವು ಮನೆಗಳಲ್ಲಿ ಅಜ್ಜಿಯರು ಆ ಕೈದಿಗಳೊಂದಿಗೆ ತಮ್ಮ ತಾಯ್ನುಡಿಯಲ್ಲೇ ಮಾತಾಡಬಲ್ಲವರಾಗಿದ್ದರು. ಶತ್ರು ಎಂದರೆ ಯಾರು ಎಂಬುದನ್ನು ಆ ಹುಡುಗರು ಚರಿತ್ರೆಯ ಪಾಠಕ್ಕಿಂತ ಮೊದಲು ಹೊಲದಲ್ಲೇ ಯೋಚಿಸಬೇಕಾಯಿತು.

ಯುದ್ಧ ಮುಗಿದರೂ ಮುಗಿಯದ ಇನ್ನೊಂದು ಕೆಲಸವಿತ್ತು. ಪ್ಲಾಟ್ ನದಿಯ ಕಣಿವೆಯಲ್ಲಿ, ಯೂನಿಯನ್ ಪೆಸಿಫಿಕ್ ರೈಲುಮಾರ್ಗದ ಮೇಲೆ ನಾರ್ತ್ ಪ್ಲಾಟ್ ಎಂಬ ಊರಿದೆ. ಆಗ ಅಲ್ಲಿ ಸುಮಾರು 12,000 ಜನರಿದ್ದರು. ಸೈನಿಕರನ್ನು ಹೊತ್ತ ರೈಲುಗಳು ಅಲ್ಲಿ ನೀರಿಗಾಗಿ, ಎಣ್ಣೆ ಹಾಕುವುದಕ್ಕಾಗಿ ಹತ್ತು ಹದಿನೈದು ನಿಮಿಷ ನಿಲ್ಲುತ್ತಿದ್ದವು. 1941ರ ಕ್ರಿಸ್‌ಮಸ್ ದಿನ ಊರಿನ ಹೆಂಗಸರು ಆ ನಿಲ್ದಾಣದಲ್ಲಿ ಸೈನಿಕರಿಗೆ ಉಚಿತ ತಿಂಡಿ ಕಾಫಿ ಕೊಡಲು ಪ್ರಾರಂಭಿಸಿದರು; ಅದನ್ನು 1946ರ ಏಪ್ರಿಲ್ 1ರವರೆಗೆ, ಒಂದು ದಿನವೂ ಬಿಡದೆ ನಡೆಸಿದರು. ಅರುವತ್ತು ಲಕ್ಷಕ್ಕೂ ಹೆಚ್ಚು ಸೈನಿಕರು ಆ ಕ್ಯಾಂಟೀನಿನಲ್ಲಿ ತಿಂದು ಹೋದರು. ಸರ್ಕಾರ ಇದಕ್ಕೆ ಹಣ ಕೊಡಲಿಲ್ಲ. ನೆಬ್ರಾಸ್ಕಾ ಮತ್ತು ಪಕ್ಕದ ಕೊಲರಾಡೊದ ಸುಮಾರು 125 ಊರುಗಳು ಸರದಿಯ ಮೇಲೆ ಮೊಟ್ಟೆ, ಬೆಣ್ಣೆ, ಕೋಳಿ, ಕಾಡುಕೋಳಿಯ ಮಾಂಸ ತುಂಬಿದ ಬ್ರೆಡ್ಡು, ಕೇಕುಗಳನ್ನು ತರುತ್ತಿದ್ದವು. ಪಡಿತರದ ಕಾಲದಲ್ಲಿ ಇಷ್ಟೊಂದು ಕೇಕಿಗೆ ಸಕ್ಕರೆ ಎಲ್ಲಿಂದ ಬಂತೆಂದರೆ, ಮನೆಮನೆಯವರು ತಮ್ಮ ಪಾಲನ್ನು ಉಳಿಸಿಟ್ಟದ್ದರಿಂದ.

ಹೈಸ್ಕೂಲಿನ ಹುಡುಗಿಯರಿಗೆ ಇಲ್ಲಿ ತಮ್ಮದೇ ಕೆಲಸಗಳಿದ್ದವು. ಜೋಳದ ಅರಳನ್ನು ಪಾಕದಲ್ಲಿ ಉಂಡೆ ಕಟ್ಟಿ, ಕಾಗದದಲ್ಲಿ ಸುತ್ತಿ ಸೈನಿಕರಿಗೆ ಹಂಚುವುದು ಅದರಲ್ಲೊಂದು. ಕೆಲವರು ಆ ಉಂಡೆಯೊಳಗೆ ತಮ್ಮ ಹೆಸರು ವಿಳಾಸ ಬರೆದ ಚೀಟಿಯನ್ನೂ ಇಡುತ್ತಿದ್ದರು. ಹೀಗೆ ಪತ್ರ ವ್ಯವಹಾರ ಮೊದಲಾಗಿ ಮದುವೆಯವರೆಗೆ ಹೋದದ್ದೂ ಉಂಟು. ತಾಯಂದಿರಿಗೆ ಈ ಚೀಟಿಯ ವಿಷಯ ಎಷ್ಟು ಗೊತ್ತಿತ್ತೋ, ಹೇಳುವುದು ಕಷ್ಟ. 1945–46ರ ಚಳಿಗಾಲದಲ್ಲಿ ರೈಲುಗಳು ಯುದ್ಧಕ್ಕೆ ಹೋಗುವವರಿಗೆ ಬದಲಾಗಿ ಮನೆಗೆ ಮರಳುವವರನ್ನು ತರುತ್ತಿದ್ದವು, ಮತ್ತು ಜನಸಂದಣಿ ಇನ್ನೂ ಹೆಚ್ಚಿತ್ತು. ಸುತ್ತಲಿನ ಊರುಗಳ ಹನ್ನೆರಡನೆಯ ತರಗತಿಯವರು ಯುದ್ಧದಿಂದ ಮರಳಿದ ಮುಖಗಳನ್ನು ಅಷ್ಟು ದೊಡ್ಡ ಸಂಖ್ಯೆಯಲ್ಲಿ ಕಂಡದ್ದು ಈ ನಿಲ್ದಾಣದ ಕಟ್ಟೆಯ ಮೇಲೆಯೇ.

ನಾರ್ತ್ ಪ್ಲಾಟಿನಿಂದ ಪಶ್ಚಿಮಕ್ಕೆ ಸುಮಾರು ಇಪ್ಪತ್ತು ಕಿಲೋಮೀಟರು ದೂರದಲ್ಲಿ ಹರ್ಷಿ ಎಂಬ ಹಳ್ಳಿಯಿದೆ. ಅಲ್ಲಿನ ಹೈಸ್ಕೂಲಿನಲ್ಲಿ 1936ರಲ್ಲಿ ಓದು ಮುಗಿಸಿದ ಬೆನ್ ಕುರೋಕಿ, ಜಪಾನಿನಿಂದ ವಲಸೆ ಬಂದು ಆಲೂಗಡ್ಡೆ ಬೆಳೆಯುತ್ತಿದ್ದ ರೈತ ದಂಪತಿಗಳ ಮಗ. ಕೊನೆಯ ವರ್ಷದಲ್ಲಿ ಸಹಪಾಠಿಗಳು ಅವರನ್ನು ತರಗತಿಯ ಉಪಾಧ್ಯಕ್ಷರನ್ನಾಗಿ ಆರಿಸಿದ್ದರು. ಪರ್ಲ್ ಹಾರ್ಬರ್ ದಾಳಿಯ ನಂತರ ಜಪಾನೀ ಮೂಲದವರನ್ನು ದೇಶವೇ ಸಂಶಯದಿಂದ ನೋಡುತ್ತಿದ್ದಾಗ ಅವರು ಬಹಳ ಕಷ್ಟಪಟ್ಟು ವಾಯುಪಡೆ ಸೇರಿ, ಬಾಂಬರ್ ವಿಮಾನಗಳ ಬಂದೂಕುಗಾರರಾಗಿ ಯುರೋಪಿನಲ್ಲೂ ಆಮೇಲೆ ಜಪಾನಿನ ಮೇಲೂ ಒಟ್ಟು 58 ಬಾರಿ ಹಾರಾಟ ನಡೆಸಿದರು. ಮರಳಿ ಬಂದ ಮೇಲೆ ಜನಾಂಗದ್ವೇಷದ ವಿರುದ್ಧ ಊರೂರು ಸುತ್ತಿ ಭಾಷಣ ಮಾಡಿದರು. ಅದನ್ನು ತಮ್ಮ ಐವತ್ತೊಂಬತ್ತನೆಯ ಕಾರ್ಯಾಚರಣೆ ಎಂದು ಕರೆದುಕೊಂಡರು. ಆಮೇಲೆ ನೆಬ್ರಾಸ್ಕಾ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದಿದರು.

ಹಾಗೆ ಮರಳಿದ ಕೆಲವರು ನೇರವಾಗಿ ಶಾಲೆಗೇ ಬಂದರು. ಹೈಸ್ಕೂಲು ಮುಗಿಸುವ ಮೊದಲೇ ಸೇನೆ ಸೇರಿದ್ದ ಇಪ್ಪತ್ತು ಇಪ್ಪತ್ತೊಂದರ ಯುವಕರು ಹದಿನೇಳರ ಹುಡುಗರ ಪಕ್ಕದಲ್ಲಿ, ಮೊಣಕಾಲು ತಾಗುವ ಅದೇ ಹಳೆಯ ಡೆಸ್ಕುಗಳಲ್ಲಿ ಕುಳಿತರು. ಯುರೋಪನ್ನು ಕಣ್ಣಾರೆ ಕಂಡುಬಂದವನಿಗೆ ಭೂಪಟದ ಮೇಲೆ ಯುರೋಪನ್ನು ತೋರಿಸುವ ಉಪಾಧ್ಯಾಯರ ಪಾಡನ್ನು ಊಹಿಸಿಕೊಳ್ಳಿ. ಮತ್ತೆ ಬೆಂಚಿನ ಮೇಲೆ ಕೂರಲು ಇಷ್ಟವಿಲ್ಲದವರಿಗೆ, 1942ರಲ್ಲಿ ಸೈನಿಕರಿಗಾಗಿಯೇ ಆರಂಭವಾದ ಜಿಇಡಿ ಎಂಬ ಸಮಾನ ಅರ್ಹತೆಯ ಪರೀಕ್ಷೆ ಇತ್ತು. ಇತ್ತ ಉಪಾಧ್ಯಾಯರದೇ ಕೊರತೆ. ಯುದ್ಧದ ವರ್ಷಗಳಲ್ಲಿ ದೇಶದಾದ್ಯಂತ ಲಕ್ಷಾಂತರ ಮಂದಿ ಬೋಧನೆ ಬಿಟ್ಟು ಸೇನೆಗೋ ಕಾರ್ಖಾನೆಗೋ ಹೋಗಿದ್ದರು. ಎಷ್ಟೋ ಕಡೆ ತುರ್ತು ಪರವಾನಗಿ ಪಡೆದವರು ಅವರ ಜಾಗದಲ್ಲಿದ್ದರು. ಮದುವೆಯಾದ ಹೆಂಗಸರಿಗೆ ಉಪಾಧ್ಯಾಯಿನಿಯ ಕೆಲಸ ಕೊಡದಿದ್ದ ಶಾಲಾ ಮಂಡಳಿಗಳು ಕೂಡ ಯುದ್ಧದ ಕಾಲದಲ್ಲಿ ಅವರ ಮನೆಬಾಗಿಲಿಗೆ ಹೋಗಿ ಕರೆದು ತಂದಿದ್ದವು.

ಗಂಡು ಹುಡುಗರ ಮುಂದಿದ್ದ ಪ್ರಶ್ನೆ ಬೇರೆ. ಯುದ್ಧ ನಿಂತರೂ ಕಡ್ಡಾಯ ಸೇನಾ ಭರ್ತಿಯ ಕಾನೂನು ನಿಂತಿರಲಿಲ್ಲ. ಅದು 1947ರ ಮಾರ್ಚ್ ಕೊನೆಯವರೆಗೆ ಜಾರಿಯಲ್ಲಿತ್ತು. ಸೋತ ಜರ್ಮನಿ ಮತ್ತು ಜಪಾನಿನಲ್ಲಿ ಕಾವಲಿಗೆ ಜನ ಬೇಕಾಗಿತ್ತು. 1944ರ ಜೂನ್ 22ರಂದು ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದ ಜಿಐ ಬಿಲ್ ಎಂಬ ಕಾನೂನು ಯೋಧರ ಕಾಲೇಜು ಶುಲ್ಕಕ್ಕೆ ವರ್ಷಕ್ಕೆ 500 ಡಾಲರಿನವರೆಗೆ ಕೊಡುತ್ತಿತ್ತು. ಜೊತೆಗೆ ಜೀವನಭತ್ಯ ಬೇರೆ. 1945ರ ಅಕ್ಟೋಬರಿನಲ್ಲಿ ಬಂದ ಇನ್ನೊಂದು ಕಾನೂನು, ಒಂದು ವರ್ಷದೊಳಗೆ ಸ್ವಇಚ್ಛೆಯಿಂದ ಸೇನೆ ಸೇರುವವರಿಗೂ ಈ ಸೌಲಭ್ಯವನ್ನು ಕೊಟ್ಟಿತು. ರೈತನ ಮಗನಿಗೆ ಲೆಕ್ಕ ಸರಳವಾಗಿತ್ತು. ಮೇ ತಿಂಗಳಲ್ಲಿ ಪದವಿಪತ್ರ ಕೈಗೆ ಬಂದರೆ, ಅಕ್ಟೋಬರಿನೊಳಗೆ ಸೇನೆ ಸೇರಿದರೆ, ಅಪ್ಪ ಎಂದೂ ಕಟ್ಟಲಾಗದಿದ್ದ ಕಾಲೇಜಿನ ಶುಲ್ಕವನ್ನು ಸರ್ಕಾರ ಕಟ್ಟುತ್ತದೆ. ಹೊಲ ನೋಡಿಕೊಳ್ಳುವವರು ಯಾರು ಎಂಬ ಮಾತು ಊಟದ ಮೇಜಿನ ಮೇಲೆ ಬಂದೇ ಬರುತ್ತಿತ್ತು.

ಹುಡುಗಿಯರಿಗೆ ಆ ದಾರಿ ಬಹುಮಟ್ಟಿಗೆ ಮುಚ್ಚಿತ್ತು. ಅವರ ದಾರಿ ಶಾಲೆಯಿಂದ ಶಾಲೆಗೆ. ನೆಬ್ರಾಸ್ಕಾದಲ್ಲಿ 1907ರಿಂದಲೂ ಕೆಲವು ಹೈಸ್ಕೂಲುಗಳಲ್ಲೇ ಉಪಾಧ್ಯಾಯ ತರಬೇತಿಯ ಪಾಠಗಳಿದ್ದವು. ಅವನ್ನು ಮುಗಿಸಿದ ಹದಿನೇಳು ಹದಿನೆಂಟರ ಹುಡುಗಿ ಮೇ ತಿಂಗಳಲ್ಲಿ ವಿದ್ಯಾರ್ಥಿನಿ, ಸೆಪ್ಟೆಂಬರಿನಲ್ಲಿ ಒಂಟಿಕೋಣೆ ಶಾಲೆಯ ಉಪಾಧ್ಯಾಯಿನಿ. ಒಲೆ ಹೊತ್ತಿಸುವುದು, ಕಸ ಗುಡಿಸುವುದು, ಎಂಟು ತರಗತಿಗಳಿಗೆ ಪಾಠ ಹೇಳುವುದು, ಎಲ್ಲವೂ ಅವಳದೇ. ಹಿಂದಿನ ಬೆಂಚಿನಲ್ಲಿ ಕುಳಿತ ಹುಡುಗ ಅವಳಿಗಿಂತ ಮೂರು ನಾಲ್ಕು ವರ್ಷಕ್ಕೆ ಚಿಕ್ಕವನು, ಎತ್ತರದಲ್ಲಿ ಅವಳಿಗಿಂತ ದೊಡ್ಡವನು.

ಪದವಿ ಪ್ರದಾನದ ದಿನದ ಉಡುಪಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಕೋಳಿ ಆಹಾರ ಮತ್ತು ಹಿಟ್ಟು ತುಂಬಿ ಬರುತ್ತಿದ್ದ ಹತ್ತಿಯ ಚೀಲಗಳ ಮೇಲೆ ಕಂಪನಿಗಳು ಹೂವಿನ, ಚೌಕಳಿಯ ಚಿತ್ತಾರಗಳನ್ನು ಅಚ್ಚು ಹಾಕುತ್ತಿದ್ದವು, ಏಕೆಂದರೆ ಖಾಲಿಯಾದ ಚೀಲ ಬಟ್ಟೆಯಾಗುತ್ತದೆಂದು ಅವರಿಗೆ ಗೊತ್ತಿತ್ತು. ಒಂದು ಉಡುಪಿಗೆ ಒಂದೇ ಚಿತ್ತಾರದ ಮೂರು ಚೀಲಗಳಾದರೂ ಬೇಕು. ಹಾಗಾಗಿ ಅಂಗಡಿಗೆ ಹೊರಟ ಗಂಡನ ಕೈಗೆ ಹೆಂಡತಿ ಬಟ್ಟೆಯ ಒಂದು ತುಂಡು ಕೊಟ್ಟು, ಇದಕ್ಕೆ ಹೊಂದುವ ಚೀಲವನ್ನೇ ತನ್ನಿ ಎಂದು ಹೇಳಿ ಕಳುಹಿಸುತ್ತಿದ್ದಳು. ಆತ ಸುಮಾರು ನಲವತ್ತೈದು ಕಿಲೋ ತೂಕದ ಮೂಟೆಗಳ ರಾಶಿಯ ಅಡಿಯಿಂದ ಅದೇ ನೀಲಿ ಹೂವಿನದನ್ನು ಎಳೆದುಕೊಡಿ ಎಂದು ಅಂಗಡಿಯವನನ್ನು ಕೇಳಬೇಕು. ಗೌನಿನ ಕೆಳಗೆ ಇಂಥ ಉಡುಪು ತೊಟ್ಟು ವೇದಿಕೆ ಹತ್ತಿದ ಹುಡುಗಿಯರು ಹಲವರು. ಸಭಾಂಗಣದ ಗೋಡೆಯ ಮೇಲೆ ಸೇನೆಗೆ ಹೋದ ಹಳೆಯ ವಿದ್ಯಾರ್ಥಿಗಳಿಗೆ ಒಂದೊಂದರಂತೆ ನೀಲಿ ನಕ್ಷತ್ರಗಳಿದ್ದ ಧ್ವಜ; ಮಡಿದವರ ನಕ್ಷತ್ರ ಚಿನ್ನದ ಬಣ್ಣದ್ದು.

ಆಮೇಲೆ ಬಂದದ್ದು ಯಂತ್ರ. ಯುದ್ಧಸಾಮಗ್ರಿ ತಯಾರಿಸುತ್ತಿದ್ದ ಕಾರ್ಖಾನೆಗಳು ಟ್ರ್ಯಾಕ್ಟರಿಗೆ, ಜೋಳ ಕೊಯ್ಯುವ ಯಂತ್ರಕ್ಕೆ ಮರಳಿದವು. ಕೊಕ್ಕೆ ಹಿಡಿದು ಹಲವರು ಸಾಲುಸಾಲಾಗಿ ಮಾಡುತ್ತಿದ್ದ ಕೆಲಸವನ್ನು ಯಂತ್ರದಿಂದ ಒಬ್ಬನೇ ಮಾಡಬಹುದಾಯಿತು. ಒಬ್ಬನ ಕೈಗೆ ಹೆಚ್ಚು ಭೂಮಿ ಸೇರಿತು, ಪಕ್ಕದ ಮನೆ ಖಾಲಿಯಾಯಿತು, ಆ ಮನೆಯ ಮಕ್ಕಳು ಶಾಲೆಯ ಹಾಜರಿ ಪುಸ್ತಕದಿಂದ ಮಾಯವಾದರು. ಜಿಐ ಬಿಲ್ ಹಿಡಿದು ಕಾಲೇಜಿಗೆ ಹೋದವರಲ್ಲಿ ಎಂಜಿನಿಯರುಗಳೂ ಉಪಾಧ್ಯಾಯರೂ ಆಗಿ ಪಟ್ಟಣದಲ್ಲೇ ನಿಂತವರು ಬಹಳ. ರಸ್ತೆ ಸುಧಾರಿಸಿ, ಬಸ್ಸು ಬಂದ ಮೇಲೆ ಹತ್ತು ಮೈಲಿಗೊಂದು ಹೈಸ್ಕೂಲು ಏಕೆ ಎಂದು ಅಧಿಕಾರಿಗಳು ಕೇಳತೊಡಗಿದರು. ಆಗ ನೆಬ್ರಾಸ್ಕಾ ಒಂದರಲ್ಲೇ ಆರು ಸಾವಿರಕ್ಕೂ ಹೆಚ್ಚು ಶಾಲಾ ಜಿಲ್ಲೆಗಳು, ಅಂದರೆ ತಮ್ಮ ಶಾಲೆಗಳನ್ನು ತಾವೇ ನಡೆಸುವ ಪುಟ್ಟ ಆಡಳಿತ ವಲಯಗಳು ಇದ್ದವು. ಅವುಗಳ ಪುನರ್ವಿಂಗಡಣೆಗೆಂದು 1949ರಲ್ಲಿ ಕಾನೂನು ಬಂತು. ಅಧಿಕಾರಿಗಳ ವಾದವನ್ನು ತಳ್ಳಿಹಾಕುವಂತಿರಲಿಲ್ಲ: ಪ್ರಯೋಗಾಲಯವಿಲ್ಲದ, ಒಬ್ಬರೇ ಉಪಾಧ್ಯಾಯರು ನಾಲ್ಕು ವಿಷಯ ಹೇಳುವ ಶಾಲೆ ವಿಜ್ಞಾನವನ್ನು ಎಷ್ಟು ಕಲಿಸೀತು? ಆದರೆ ಊರಿನವರಿಗೆ ಶಾಲೆ ಎಂದರೆ ಶುಕ್ರವಾರ ಸಂಜೆಯ ಪಂದ್ಯ, ನಾಟಕ, ಎಲ್ಲರೂ ಸೇರುವ ಒಂದೇ ಒಂದು ಜಾಗ. ಯಾವ ಊರಿನ ಕಟ್ಟಡ ಉಳಿಯಬೇಕು, ತಂಡಕ್ಕೆ ಯಾರ ಬಣ್ಣ ಎಂದು ಅಕ್ಕಪಕ್ಕದ ಊರುಗಳು ವರ್ಷಗಟ್ಟಲೆ ಜಗಳವಾಡಿದವು. ರಾಜಿಯಾದಾಗ ಎರಡು ಮೂರು ಊರುಗಳ ಹೆಸರನ್ನು ಅಡ್ಡಗೆರೆಯಿಂದ ಜೋಡಿಸಿ ಶಾಲೆಗೆ ಇಟ್ಟರು. ಆರು ಮಂದಿಯ ಫುಟ್‌ಬಾಲು ಹುಟ್ಟಿದ ಚೆಸ್ಟರಿನ ಶಾಲೆಯೂ ಮುಂದೆ ಚೆಸ್ಟರ್–ಹಬೆಲ್–ಬೈರನ್ ಆಯಿತು. ಮಕ್ಕಳು ಕಡಿಮೆಯಾದಷ್ಟೂ ಶಾಲೆಯ ಹೆಸರು ಉದ್ದವಾಗುತ್ತ ಹೋಯಿತು. ಶಾಲೆಯೇ ಇಲ್ಲವಾದ ಊರುಗಳಲ್ಲಿ ಕೂಡ ಹಳೆಯ ವಿದ್ಯಾರ್ಥಿಗಳ ಔತಣ ಮೇ ಕೊನೆಯಲ್ಲಿ, ಮಡಿದ ಯೋಧರ ಸ್ಮರಣೆಯ ರಜೆಯ ವಾರಾಂತ್ಯದಲ್ಲಿ ನಡೆಯುವ ರೂಢಿ ಉಳಿದಿದೆ. ಅಲ್ಲಿ ವರ್ಷ ಕೂಗಿದಂತೆ ಆಯಾ ತರಗತಿಯವರು ಎದ್ದು ನಿಲ್ಲುತ್ತಾರೆ, ಮತ್ತು ಯಾವ ಪಂದ್ಯವನ್ನು ಯಾರ ತಪ್ಪಿನಿಂದ ಸೋತೆವೆಂಬ ಹಳೆಯ ವಾಗ್ವಾದ ಊಟದೊಂದಿಗೆ ಮುಂದುವರಿಯುತ್ತದೆ.

ನಮಸ್ಕಾರ.