ಪ್ರದರ್ಶನಕ್ಕೆ ಮರ ಹೊರಡುವ ಮುಂಚೆ

ಎಲ್ಲರಿಗೂ ನಮಸ್ಕಾರ. ಸಂಕ್ರಾಂತಿ ಹೊತ್ತಿನ ನಮ್ಮ ಬೋನ್ಸಾಯ್ ಪ್ರದರ್ಶನಕ್ಕೆ ಇನ್ನೂ ಎರಡೂವರೆ ತಿಂಗಳಿದೆ, ಇಷ್ಟು ಬೇಗ ಯಾಕೆ ಕರೆದಿರಿ ಅಂತ ಕೆಲವರು ಕೇಳಿದರು. ಬೇಗ ಏನಲ್ಲ. ಕೆಲವು ಕೆಲಸಕ್ಕೆ ಈಗಾಗಲೇ ತಡವಾಗಿದೆ.

ಮೊದಲು ನನ್ನ ಹುಣಸೆ ಮರದ ವಿಷಯ ಹೇಳಿಬಿಡುತ್ತೇನೆ. ಬೀಜದಿಂದ ಬೆಳೆಸಿದ್ದು, ಹದಿನಾಲ್ಕು ವರ್ಷದ ಮರ. ಪ್ರದರ್ಶನಕ್ಕೆ ಹತ್ತು ದಿನ ಇರುವಾಗ ಒಂದು ಚೆಂದದ ನೀಲಿ ಕುಂಡ ಸಿಕ್ಕಿತು. ಆಸೆ ತಡೆಯಲಿಲ್ಲ. ಬೇರು ಕತ್ತರಿಸಿ ಆ ಕುಂಡಕ್ಕೆ ಕೂರಿಸಿದೆ. ಮೂರನೇ ದಿನ ಎಲೆ ಹಳದಿಯಾಯಿತು, ಆರನೇ ದಿನ ಕುಂಡದ ಸುತ್ತ ಸಣ್ಣ ಎಲೆಗಳ ರಾಶಿ. ಮಾರ್ಚ್‌ನಲ್ಲಿ ಉಗುರಿನಿಂದ ಕಾಂಡ ಕೆರೆದು ನೋಡಿದರೆ ಒಳಗೆ ಹಸಿರೇ ಇರಲಿಲ್ಲ. ಚಳಿಯಲ್ಲಿ ಹೊಸ ಬೇರು ಬರುವುದು ತುಂಬಾ ನಿಧಾನ, ಎಲೆ ಮಾತ್ರ ದಿನಾ ನೀರು ಕೇಳುತ್ತಲೇ ಇರುತ್ತದೆ. ಇದು ನನಗೆ ಗೊತ್ತಿತ್ತು, ಆದರೂ ಮಾಡಿದೆ. ಅದಕ್ಕೇ ಕೇಳಿಕೊಳ್ಳುತ್ತೇನೆ, ಪ್ರದರ್ಶನಕ್ಕೋಸ್ಕರ ಈಗ ಯಾರೂ ಕುಂಡ ಬದಲಿಸಬೇಡಿ. ಕುಂಡ ಹಳೆಯದಾದರೂ ಪರವಾಗಿಲ್ಲ, ಉಜ್ಜಿ ತೊಳೆದರೆ ಸಾಕು.

ಜಪಾನಿನ ಕೊಕುಫು ಪ್ರದರ್ಶನದ ಫೋಟೋ ನೋಡಿ ಹಾಗೇ ಮಾಡಬೇಕು ಅಂತ ತುಂಬಾ ಜನ ಹೊರಡುತ್ತಾರೆ. ಅದು ಟೋಕಿಯೋದ ಉಯೆನೋದಲ್ಲಿ 1934ರಲ್ಲಿ ಶುರುವಾಯಿತು, ಈಗ ಫೆಬ್ರವರಿಯಲ್ಲಿ ನಡೆಯುತ್ತದೆ. ಅಲ್ಲಿ ಮೇಪಲ್ ತರಹದ ಮರಗಳು ಚಳಿಗೆ ತಾವಾಗಿಯೇ ಬೋಳಾಗಿರುತ್ತವೆ. ಎಷ್ಟು ವರ್ಷ ಕೂತು ಕೊಂಬೆ ಕವಲು ಮಾಡಿಸಿದ್ದಾರೆ ಅನ್ನುವುದು ಆಗಲೇ ಕಾಣುವುದು, ಅದಕ್ಕೇ ಅವರಿಗೆ ಚಳಿಗಾಲ ಪ್ರಿಯ. ನಮ್ಮ ಬೆಂಗಳೂರಿನ ಆಲ, ಅದೇ ಕುಲದ ಬೇರೆ ಫೈಕಸ್‌ಗಳು, ದಪ್ಪ ಎಲೆಯ ಜೇಡ್ ಯಾವುವೂ ಹಾಗೆ ಮಲಗುವುದಿಲ್ಲ. ಬೆಳವಣಿಗೆ ನಿಧಾನವಾಗುತ್ತದೆ, ಅಷ್ಟೇ. ನಮ್ಮ ಲೆಕ್ಕ ನಮ್ಮ ಹವೆಗೆ ತಕ್ಕಂತೆ ಇರಬೇಕು ಅಲ್ವಾ?

ಫೈಕಸ್ ಇರುವವರು ಈ ವಾರವೇ ಎಲೆ ಕತ್ತರಿಸಿ. ಕೀಳಬೇಡಿ, ತೊಟ್ಟು ಉಳಿಸಿ ಕತ್ತರಿಸಬೇಕು. ಹೊಸ ಎಲೆ ಸಣ್ಣದಾಗಿ, ಒಂದೇ ಅಳತೆಗೆ ಬರುತ್ತದೆ. ಬೇಸಿಗೆಯಲ್ಲಾದರೆ ಐದಾರು ವಾರಕ್ಕೆ ಮರ ತುಂಬಿಕೊಳ್ಳುತ್ತದೆ, ಈಗ ಜಾಸ್ತಿ ದಿನ ಬೇಕು. ಡಿಸೆಂಬರ್ ಕೊನೆಗೆ ಕತ್ತರಿಸಿದರೆ ಪ್ರದರ್ಶನದ ದಿನ ಬರೀ ಮೊಗ್ಗು ನಿಂತಿರುತ್ತದೆ. ಆದರೆ ಮರ ಗಟ್ಟಿಯಾಗಿದ್ದರೆ ಮಾತ್ರ ಈ ಕೆಲಸ. ಈ ವರ್ಷ ಸರಿಯಾಗಿ ಚಿಗುರದೆ ಸೊರಗಿದ್ದರೆ ಸುಮ್ನೆ ಬಿಡಿ, ಮುಂದಿನ ವರ್ಷ ತನ್ನಿ. ಜೇಡ್‌ಗಂತೂ ಇದು ಬೇಡವೇ ಬೇಡ, ತುದಿ ಚಿವುಟಿದರೆ ಸಾಕು. ಚಳಿ ಬಿಸಿಲಿಗೆ ಅದರ ಎಲೆಯಂಚು ಕೆಂಪಾಗುವುದು ರೋಗ ಅಲ್ಲ, ನನಗಂತೂ ಅದು ಚೆಂದವೇ.

ಇನ್ನು ಕೊಂಬೆಗೆ ಆಕಾರ ಕೊಡಲು ಸುತ್ತಿದ ತಂತಿ. ಮನೆಗೆ ಹೋದ ಕೂಡಲೇ ಮರವನ್ನು ಬೆಳಕಿಗೆ ಹಿಡಿದು ಒಂದೊಂದೇ ಕೊಂಬೆ ನೋಡಿ. ಮಳೆಗಾಲದಲ್ಲಿ ಫೈಕಸ್ ಎಷ್ಟು ಬೇಗ ದಪ್ಪಗಾಗುತ್ತದೆ ಅಂದರೆ, ಆಗಸ್ಟ್‌ನಲ್ಲಿ ಸಡಿಲವಾಗಿದ್ದ ತಂತಿ ಈಗ ತೊಗಟೆಯೊಳಗೆ ಕೂತಿರುತ್ತದೆ. ಅದನ್ನು ಸುತ್ತು ಬಿಚ್ಚಿ ತೆಗೆಯಲು ಹೋಗಬೇಡಿ, ಕೊಂಬೆ ಮುರಿಯುತ್ತದೆ. ಕಟರ್‌ನಿಂದ ಪ್ರತಿ ಸುತ್ತನ್ನೂ ತುಂಡು ಮಾಡಿ ತೆಗೆಯಿರಿ. ತಂತಿ ಅಗ್ಗ, ಕೊಂಬೆ ಅಗ್ಗವಲ್ಲ. ಕಚ್ಚಿದ ಗುರುತು ಹಾವಿನ ಹಾಗೆ ಸುತ್ತಿಕೊಂಡು ವರ್ಷಗಟ್ಟಲೆ ಉಳಿಯುತ್ತದೆ, ನೋಡುವವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

ಕುಂಡದ ಮಣ್ಣಿನ ಮೇಲೆ ಬೆಳೆಸುವ ಪಾಚಿ ಬಗ್ಗೆ ತುಂಬಾ ಜನ ಕೇಳಿದ್ದೀರಿ. ಹಿಂದಿನ ದಿನ ಕಾಂಪೌಂಡ್ ಗೋಡೆಯಿಂದ ಕೆರೆದು ತಂದು ಅಂಟಿಸಿದರೆ ರತ್ನಗಂಬಳಿಯ ತೇಪೆ ಹಾಕಿದ ಹಾಗೆ ಕಾಣುತ್ತದೆ. ನಾನು ಗಣೇಶನ ಹಬ್ಬದ ಹೊತ್ತಿಗೆ, ಬಿಸಿಲು ಬೀಳದ ಗೋಡೆಯಿಂದ ತೆಳ್ಳಗೆ ಎತ್ತಿ, ನೆರಳಲ್ಲಿ ಒಣಗಿಸಿ, ಕೈಯಲ್ಲೇ ಪುಡಿ ಮಾಡಿ ಹಳೇ ಹಾರ್ಲಿಕ್ಸ್ ಬಾಟಲಿಯಲ್ಲಿ ಇಡುತ್ತೇನೆ. ಈಗ ಅದನ್ನು ಜರಡಿ ಹಿಡಿದ ಮಣ್ಣಿನ ಜೊತೆ ಬೆರೆಸಿ ಉದುರಿಸಿ, ದಿನಾ ಬೆಳಗ್ಗೆ ಸಂಜೆ ಸ್ಪ್ರೇ ಮಾಡಿದರೆ ಸಂಕ್ರಾಂತಿ ಹೊತ್ತಿಗೆ ತಾನಾಗಿ ಹಬ್ಬಿರುತ್ತದೆ. ಬುಡದ ಬೇರನ್ನು ಮಾತ್ರ ಮುಚ್ಚಬೇಡಿ. ಹಳೇ ಟೂತ್‌ಬ್ರಶ್ ತೆಗೆದುಕೊಂಡು ಮಣ್ಣು ಸರಿಸಿ, ಬೇರು ಮಣ್ಣನ್ನು ಹಿಡಿದುಕೊಂಡಿರುವುದು ಕಾಣಬೇಕು. ಮರಕ್ಕೆ ವಯಸ್ಸಾದ ಕಳೆ ಬರುವುದು ಅಲ್ಲಿಂದಲೇ.

ಬೋರ್‌ವೆಲ್ ನೀರು ಹಾಕುವವರ ಎಲೆ ಮೇಲೆ, ಕುಂಡದ ಅಂಚಿನಲ್ಲಿ ಬಿಳಿ ಕಲೆ ಇರುತ್ತದೆ. ಕುಂಡಕ್ಕೆ ನಿಂಬೆಹೋಳು ಉಜ್ಜಿ ಒರೆಸಿ, ರಸ ಮಣ್ಣಿಗೆ ಇಳಿಯದ ಹಾಗೆ ನೋಡಿಕೊಳ್ಳಿ. ಎಲೆಗೆ ಒದ್ದೆ ಬಟ್ಟೆ ಸಾಕು. ಹೊಳೆಯಲಿ ಅಂತ ಕೊಬ್ಬರಿ ಎಣ್ಣೆ ಹಚ್ಚುವವರನ್ನು ನೋಡಿದ್ದೇನೆ, ದಯವಿಟ್ಟು ಬೇಡ, ಎಲೆ ಉಸಿರಾಡಬೇಕು. ಇರುವೆ ಹತ್ತುತ್ತಿದ್ದರೆ ಎಲೆಯ ಸಂದಿಯಲ್ಲಿ ಬಿಳಿ ಹತ್ತಿಯಂಥ ಹಿಟ್ಟುತಿಗಣೆ ಇದೆಯಾ ನೋಡಿ. ಇದ್ದರೆ ಈಗಲೇ ಸೋಪಿನ ನೀರಲ್ಲಿ ಅದ್ದಿದ ಬ್ರಶ್‌ನಿಂದ ತೆಗೆಯಿರಿ. ಒಂದು ಮರ ಹುಳು ಹೊತ್ತು ತಂದರೆ ಪಕ್ಕದ ಮೇಜಿನ ಮರಕ್ಕೂ ಹತ್ತುತ್ತದೆ.

ಚಳಿ ಅಂತ ನೀರು ಕಡಿಮೆ ಮಾಡುವುದು ಸರಿ, ಆದರೆ ದಿನ ಎಣಿಸಿ ಹಾಕಬೇಡಿ. ಮಣ್ಣಿಗೆ ಬೆರಳು ಇಳಿಸಿ ನೋಡಿ. ಡಿಸೆಂಬರಿನ ಒಣಗಾಳಿ ಮೋಸ ಮಾಡುತ್ತದೆ, ಬಿಸಿಲೇ ಇಲ್ಲವಲ್ಲ ಅಂದುಕೊಂಡಿರುತ್ತೇವೆ, ಚಪ್ಪಟೆ ಕುಂಡದ ಮಣ್ಣು ಮಧ್ಯಾಹ್ನಕ್ಕೇ ಬಿರಿದಿರುತ್ತದೆ.

ಪ್ರದರ್ಶನದ ದಿನಗಳಲ್ಲಿ ಬೆಳಗ್ಗೆ ಬಾಗಿಲು ತೆಗೆಯುವ ಮುಂಚೆ ಬಂದು ನೀರು ಹಾಕಿ, ಫ್ಯಾನಿನ ಕೆಳಗೆ ಮರ ಇಡಬೇಡಿ. ಹುಣಸೆ ತರುವವರಿಗೆ ಒಂದು ಮಾತು. ಸಂಜೆಯಾದರೆ ಅದರ ಎಲೆ ಮಡಚಿಕೊಳ್ಳುತ್ತದೆ, ಅದು ಅದರ ಗುಣ. ಬಾಡಿದೆ ಅಂತ ಯಾರಾದರೂ ಅಂದರೆ ಗಾಬರಿಯಾಗಿ ನೀರು ಸುರಿಯಬೇಡಿ, ಬಂದವರಿಗೆ ಅದನ್ನೇ ತೋರಿಸಿ, ಮಕ್ಕಳಿಗೆ ತುಂಬಾ ಇಷ್ಟವಾಗುತ್ತದೆ.

ಮನೆಗೆ ವಾಪಸ್ ಹೋದ ಮೇಲೆ ಎರಡು ಮೂರು ದಿನ ಅರೆ ನೆರಳಲ್ಲಿಡಿ, ನೇರ ಬಿಸಿಲಿಗೆ ಬೇಡ. ಕುಂಡ ಬದಲಿಸುವ ಆಸೆ ಇದ್ದವರು ಶಿವರಾತ್ರಿವರೆಗೆ ಕಾಯಿರಿ. ಚಳಿ ಶಿವ ಶಿವ ಅಂತ ಹೋದ ಮೇಲೆ ಬೇರಿಗೆ ಕೈ ಹಾಕೋಣ, ಆ ದಿನ ಎಲ್ಲರೂ ಸೇರಿಯೇ ಮಾಡೋಣ.

ಮರದ ಮುಂಭಾಗ, ಅಂದರೆ ನೋಡುವವರ ಕಡೆ ತಿರುಗಿಸಿಡಬೇಕಾದ ಬದಿ, ಯಾವುದು ಅಂತ ಇನ್ನೂ ಗೊಂದಲ ಇರುವವರು ಬರುವ ಭಾನುವಾರ ಮರ ತನ್ನಿ. ಮೇಜಿನ ಮೇಲಿಟ್ಟು, ನಿಧಾನಕ್ಕೆ ತಿರುಗಿಸಿ ನೋಡೋಣ.