ನಾಮ ಹುಟ್ಟಿದ ಸಂದರ್ಭವನ್ನು ನೆನೆದು ಪ್ರಾರ್ಥಿಸೋಣ

ಕರ್ತನಲ್ಲಿ ಪ್ರಿಯರೇ, ವೈಯಕ್ತಿಕ ಪ್ರಾರ್ಥನೆಯಲ್ಲಿ ಯೆಹೋವ ಯೀರೆ (ಒದಗಿಸುವ ಯೆಹೋವನು), ಯೆಹೋವ ರಾಫಾ (ಗುಣಪಡಿಸುವ ಯೆಹೋವನು), ಎಲ್ ಶದ್ದಾಯ್ (ಸರ್ವಶಕ್ತನಾದ ದೇವರು) ಎಂದು ದೇವರ ನಾಮಗಳನ್ನು ಒಂದೇ ಉಸಿರಿನಲ್ಲಿ ಹೇಳುವುದು ನಮ್ಮಲ್ಲಿ ಅನೇಕರಿಗೆ ರೂಢಿಯಾಗಿದೆ. ಆ ನಾಮಗಳನ್ನು ಹಿಡಿದು ಪ್ರಾರ್ಥಿಸಲೇಬೇಕೆಂದು ನಾನು ಮನಃಪೂರ್ವಕವಾಗಿ ನಂಬುತ್ತೇನೆ. ಆದರೆ ನಾಮವು ಹುಟ್ಟಿದ ಸಂದರ್ಭವನ್ನು ಮರೆತು ನಾಮವನ್ನಷ್ಟೇ ಎತ್ತಿಕೊಂಡರೆ, ಅದು ದೇವರನ್ನು ಕರೆಯುವ ಮಾತಾಗಿ ಉಳಿಯದೆ ನಮ್ಮ ಬೇಡಿಕೆಗೆ ಬಲ ತುಂಬುವ ಮಾತಾಗಿಬಿಡುತ್ತದೆ.

ನ್ಯಾಯಸ್ಥಾಪಕರು 6ನೇ ಅಧ್ಯಾಯವನ್ನು ನೋಡಿ. ಗಾಳಿಯಾಡುವ ಬಯಲಿನ ಕಣದಲ್ಲಿ ಮಾಡಬೇಕಾದ ಕೆಲಸವನ್ನು ಇಸ್ರಾಯೇಲ್ಯನಾದ ಗಿದ್ಯೋನನು ತನ್ನ ಜನರನ್ನು ಬಾಧಿಸುತ್ತಿದ್ದ ಮಿದ್ಯಾನ್ಯರ ಭಯದಿಂದ ದ್ರಾಕ್ಷಿಯ ಆಲೆಯಲ್ಲಿ ಅಡಗಿ ಮಾಡುತ್ತಾ ಗೋಧಿ ಬಡಿಯುತ್ತಿದ್ದಾನೆ. ಬಂಡೆಯಿಂದೆದ್ದ ಬೆಂಕಿ ಅವನು ತಂದಿಟ್ಟ ಮಾಂಸವನ್ನೂ ರೊಟ್ಟಿಯನ್ನೂ ದಹಿಸಿದಾಗ, ತಾನು ಕಂಡದ್ದು ಯೆಹೋವನ ದೂತನನ್ನೇ ಎಂದು ತಿಳಿದು ಅವನು ಇನ್ನಷ್ಟು ನಡುಗುತ್ತಾನೆ. ಸಾಯುವುದಿಲ್ಲ, ಹೆದರಬೇಡ ಎಂಬ ಸಮಾಧಾನದ ಮಾತು ಬಂದ ಮೇಲೆ ಯಜ್ಞವೇದಿಯನ್ನು ಕಟ್ಟಿ ಅದಕ್ಕೆ ಯೆಹೋವ ಷಾಲೋಮ್, ಅಂದರೆ ಯೆಹೋವನೇ ಸಮಾಧಾನ, ಎಂದು ಹೆಸರಿಡುತ್ತಾನೆ. ಆಗ ಯುದ್ಧ ಇನ್ನೂ ಆರಂಭವಾಗಿರಲಿಲ್ಲ, ಶತ್ರುಗಳಲ್ಲಿ ಒಬ್ಬನೂ ಹಿಂದೆ ಸರಿದಿರಲಿಲ್ಲ. ಮನೆಯಲ್ಲಿ ಜಗಳ ನಿಲ್ಲದ, ವೈದ್ಯರ ವರದಿ ಇನ್ನೂ ಕೈಸೇರದ ದಿನ ಈ ನಾಮವನ್ನು ಉಚ್ಚರಿಸುವವನಿಗೆ ಈ ವಿವರ ತಿಳಿದಿದ್ದರೆ, ಪರಿಸ್ಥಿತಿ ಬದಲಾಗದೆಯೂ ದೇವರಿಂದ ಸಮಾಧಾನ ಹೊಂದಬಹುದೆಂಬ ಧೈರ್ಯ ಅವನ ಪ್ರಾರ್ಥನೆಗೆ ಬರುತ್ತದೆ.

ಯೆಹೋವ ಯೀರೆ ಎಂಬ ನಾಮವನ್ನು ಹಣಕ್ಕಾಗಿ, ಉದ್ಯೋಗಕ್ಕಾಗಿ ಬೇಡುವಾಗಲೇ ಹೆಚ್ಚಾಗಿ ಹೇಳುತ್ತೇವೆ. ಹಾಗೆ ಬೇಡುವುದು ತಪ್ಪೆಂದು ನಾನು ಹೇಳುವುದಿಲ್ಲ, ಅನುದಿನದ ಆಹಾರಕ್ಕಾಗಿ ಕೇಳಬೇಕೆಂದು ಕರ್ತನೇ ಕಲಿಸಿದ್ದಾನೆ. ಆದರೆ ಆದಿಕಾಂಡ 22ರಲ್ಲಿ ಅಬ್ರಹಾಮನು ಆ ಸ್ಥಳಕ್ಕೆ ಹೆಸರಿಟ್ಟದ್ದು, ದೇವರು ಕೇಳಿದಾಗ ಮಗನನ್ನೇ ಹಿಂತೆಗೆಯದೆ ಬೆಟ್ಟ ಹತ್ತಿ, ಪೊದೆಯಲ್ಲಿ ಕೊಂಬು ಸಿಕ್ಕಿಕೊಂಡಿದ್ದ ಟಗರನ್ನು ಇಸಾಕನ ಬದಲಾಗಿ ಅರ್ಪಿಸಿದ ಮೇಲೆ. ಆದುದರಿಂದ ಈ ನಾಮವನ್ನು ಹೇಳುವ ಬಾಯಿ, ನಾನು ಬಿಗಿಯಾಗಿ ಹಿಡಿದಿರುವುದನ್ನು ನಿನಗೆ ಒಪ್ಪಿಸುತ್ತೇನೆ ಎಂದೂ ಹೇಳಲು ಸಿದ್ಧವಾಗಿರಬೇಕು.

ಆದಿಕಾಂಡ 16ರಲ್ಲಿ ಯೆಹೋವನನ್ನು ನೋಡುವ ದೇವರು ಎಂದು ಕರೆದವಳು, ಯಜಮಾನಿಯ ಬಾಧೆ ತಾಳದೆ ಓಡಿಹೋಗಿದ್ದ ಐಗುಪ್ತದ ದಾಸಿ ಹಾಗರಳು. ಅವಳಿಗೆ ವಾಗ್ದಾನ ದೊರೆಯಿತು, ಅದರೊಂದಿಗೆ ಯಜಮಾನಿಯ ಬಳಿಗೆ ಹಿಂದಿರುಗಿ ಹೋಗೆಂಬ ಕಠಿಣವಾದ ಆಜ್ಞೆಯೂ ದೊರೆಯಿತು.

ನಾಮವನ್ನು ಉಚ್ಚರಿಸಿದ ಮಾತ್ರಕ್ಕೆ ಕಾರ್ಯ ನಡೆಯುವುದೆಂದು ಭಾವಿಸುವವರು ಅಪೊಸ್ತಲರ ಕೃತ್ಯಗಳು 19ನೇ ಅಧ್ಯಾಯದ ಸ್ಕೇವನ ಏಳು ಮಂದಿ ಮಕ್ಕಳನ್ನು ನೆನೆಯಲಿ. ದುರಾತ್ಮವನ್ನು ಬಿಡಿಸಲು ಯೇಸುವಿನ ನಾಮವನ್ನು ಅವರು ಸ್ಪಷ್ಟವಾಗಿಯೇ ಹೇಳಿದರು, ಆದರೆ ಯೇಸುವನ್ನು ಅರಿತಿರಲಿಲ್ಲ. ದುರಾತ್ಮ ಹಿಡಿದಿದ್ದವನು ಮೇಲೆ ಬೀಳಲು ಗಾಯಗೊಂಡು, ಬಟ್ಟೆಯಿಲ್ಲದೆ ಆ ಮನೆಯಿಂದ ಓಡಿಹೋದರು.

ಆದುದರಿಂದ ನನ್ನ ವಿನಂತಿ ಇಷ್ಟೇ: ಒಂದು ವಾರಕ್ಕೆ ಒಂದೇ ನಾಮವನ್ನು ಆರಿಸಿಕೊಂಡು, ಅದು ಬರುವ ಅಧ್ಯಾಯವನ್ನು ಮೊದಲು ಪೂರ್ತಿಯಾಗಿ ಓದಿ, ಆಮೇಲೆ ಮೊಣಕಾಲೂರಿರಿ. ಇಬ್ರಿಯ ಉಚ್ಚಾರಣೆ ಸರಿಯಾಯಿತೋ ಇಲ್ಲವೋ ಎಂಬ ಚಿಂತೆ ಬೇಡ. ಯಾವ ನಾಮವೂ ನೆನಪಿಗೆ ಬಾರದಷ್ಟು ಮನಸ್ಸು ಕುಗ್ಗಿದ್ದರೆ, ಗೆತ್ಸೇಮನೆಯಲ್ಲಿ ಯೇಸು ಪ್ರಾರ್ಥಿಸಿದಂತೆ "ಅಪ್ಪಾ, ತಂದೆಯೇ" ಎಂದೇ ಪ್ರಾರಂಭಿಸಿರಿ; ಹಾಗೆ ಕೂಗುವ ಹಕ್ಕು ನಮಗೂ ಕೊಡಲ್ಪಟ್ಟಿದೆಯೆಂದು ಪೌಲನು ರೋಮಾಪುರದವರಿಗೆ ಬರೆದಿದ್ದಾನೆ.